ಅಜ್ಜಿ ಮನೆಯ ಒಂದು ಕೋಣೆಯನ್ನು ಮ್ಯೂಸಿಯಂ ಮಾಡುವುದು ಹೇಗೆ

ಮಂಡ್ಯ ಸೀಮೆಯಲ್ಲಿ ಒಂದು ತೊಟ್ಟಿಮನೆ ಬೀಳಿಸುತ್ತಾರಂತೆ ಅನ್ನುವ ಸುದ್ದಿ ಹಬ್ಬಿದರೆ ನೆಂಟರಿಗಿಂತ ಮೊದಲು ಗುಜರಿಯವರು ಬರುತ್ತಾರೆ. ತಾಮ್ರದ ಹಂಡೆ ಕೆಜಿ ಲೆಕ್ಕ, ಹಿತ್ತಾಳೆ ಕೊಳದಪ್ಪಲೆಯೂ ಕೆಜಿ ಲೆಕ್ಕ, ಕಂಬ ತೊಲೆಗಳು ಅಡಿ ಲೆಕ್ಕ. ಬೀಸುವ ಕಲ್ಲನ್ನು ಯಾರೂ ಕೇಳುವುದಿಲ್ಲ, ಅದು ಹಿತ್ತಿಲ ಮೂಲೆಯಲ್ಲಿ ಮಣ್ಣು ಸೇರುತ್ತದೆ. ನಮ್ಮ ಅಜ್ಜಿ ತೀರಿಕೊಂಡು ಮನೆ ಭಾಗವಾದಾಗಲೂ ಹೀಗೇ ಆಯಿತು. ನಾನು ಊರಿಗೆ ಹೋಗುವ ಹೊತ್ತಿಗೆ ಅಟ್ಟ ಅರ್ಧ ಖಾಲಿಯಾಗಿತ್ತು. ಉಳಿದದ್ದನ್ನಾದರೂ ಬಿಡಿ ಅಂತ ದೊಡ್ಡಪ್ಪನನ್ನೂ ಚಿಕ್ಕಪ್ಪಂದಿರನ್ನೂ ಕೇಳಿಕೊಂಡು, ನಡುಮನೆ ಪಕ್ಕದ ಒಂದು ಕೋಣೆಗೆ ಸೇರಿಸಿದೆ. ಆ ಕೋಣೆಗೆ ಈಗ ಊರ ಶಾಲೆಯ ಮಕ್ಕಳು ಬಂದು ಹೋಗುತ್ತಾರೆ.

ನಿಮ್ಮ ಊರಲ್ಲೂ ಅಂಥದೊಂದು ಮನೆ ಇನ್ನೂ ನಿಂತಿದ್ದರೆ, ಒಂದೇ ಒಂದು ಕೋಣೆ ಉಳಿಸಿಕೊಳ್ಳುವುದಕ್ಕೆ ದೊಡ್ಡ ದುಡ್ಡು ಬೇಡ. ಬಿಡುವಿನ ಭಾನುವಾರಗಳು ಬೇಕು, ಒಂದು ದಪ್ಪ ನೋಟ್‌ಬುಕ್ ಬೇಕು, ಮನೆಯ ಹಿರಿಯರ ಒಪ್ಪಿಗೆ ಬೇಕು. ಒರಳುಕಲ್ಲು ಇನ್ನೂ ನೂರು ವರ್ಷ ಇರುತ್ತದೆ. ಅದರಲ್ಲಿ ಕುಟ್ಟಿದ ನಮ್ಮ ದೊಡ್ಡವ್ವನಿಗೆ ಈಗಲೇ 85. ಅದಕ್ಕೇ ಈ ಲೇಖನದಲ್ಲಿ ಸಾಮಾನಿಗಿಂತ ಅದನ್ನು ಬಳಸಿದವರ ಮಾತಿಗೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮೊದಲು ನಾಲ್ಕಾರು ಮನೆ ನೋಡಿಕೊಂಡು ಬನ್ನಿ

ಮೈಸೂರಿನ ಯಾದವಗಿರಿಯಲ್ಲಿರುವ ಆರ್.ಕೆ. ನಾರಾಯಣ್ ಅವರ ಮನೆಯಿಂದ ಶುರು ಮಾಡಿ. 2011ರಲ್ಲಿ ಅದನ್ನು ಕೆಡವುವ ಕೆಲಸ ಆರಂಭವೇ ಆಗಿತ್ತು. ಊರಿನ ಜನ ದನಿ ಎತ್ತಿದ್ದರಿಂದ ನಿಂತಿತು. ಆಮೇಲೆ ನಗರಪಾಲಿಕೆ ಮನೆಯನ್ನು ಕೊಂಡು ದುರಸ್ತಿ ಮಾಡಿಸಿ 2016ರಲ್ಲಿ ಜನರಿಗೆ ತೆರೆಯಿತು. ಅವರು ತೊಡುತ್ತಿದ್ದ ಬಟ್ಟೆ, ಕನ್ನಡಕ ಎಲ್ಲ ನೋಡಿ. ಜೊತೆಗೆ, ಒಂದೊಂದು ಕೋಣೆಯಲ್ಲೂ ನಿಂತು ಇಲ್ಲಿ ಬೆಳಗಿನ ಹೊತ್ತು ಏನು ನಡೆಯುತ್ತಿತ್ತು ಅಂತ ಕೇಳಿಕೊಳ್ಳಿ. ದೊಡ್ಡವರ ಮನೆಗಳಲ್ಲಿ ಬರೆಯುವ ಮೇಜು, ಪದಕ, ಸನ್ಮಾನದ ಶಾಲು ಹೇಗೋ ಉಳಿಯುತ್ತವೆ. ಕಾಫಿ ಕಾಯಿಸಿದ ಒಲೆ ಉಳಿಯುವುದು ಅಪರೂಪ. ನಿಮ್ಮ ಕೋಣೆಯಲ್ಲಿ ಒಲೆಗೆ ಜಾಗ ಇರಬೇಕು ಅನ್ನುವುದು ಅಲ್ಲಿ ನಿಂತಾಗಲೇ ತೀರ್ಮಾನವಾಗಲಿ.

ಮಾನಸಗಂಗೋತ್ರಿಯ ಜಯಲಕ್ಷ್ಮಿ ವಿಲಾಸ 1905ರಲ್ಲಿ ಚಾಮರಾಜ ಒಡೆಯರ ಹಿರಿಯ ಮಗಳು ಜಯಲಕ್ಷ್ಮಮ್ಮಣ್ಣಿಯವರಿಗಾಗಿ ಕಟ್ಟಿದ ಅರಮನೆ. 1968ರಲ್ಲಿ ವಿಶ್ವವಿದ್ಯಾನಿಲಯ ಅಲ್ಲಿ ಜಾನಪದ ವಸ್ತುಸಂಗ್ರಹಾಲಯ ಮಾಡಿತು. ರಾಜಕುಮಾರಿಯ ಮನೆಯೊಳಗೆ ಒಕ್ಕಲು ಮಕ್ಕಳ ಮನೆಯ ಸಾಮಾನು ಬಂದು ಕೂತಿತು. ಸಂಗ್ರಹದಲ್ಲಿ 6,500ಕ್ಕೂ ಹೆಚ್ಚು ವಸ್ತುಗಳಿವೆ. ಆ ಕಟ್ಟಡಕ್ಕೆ ದುರಸ್ತಿ ನಡೆಯುವ ಕಾಲವೂ ಇರುತ್ತದೆ, ತೆರೆದಿದೆಯೇ ಅಂತ ವಿಚಾರಿಸಿಕೊಂಡೇ ಹೊರಡಿ. ರಾಮನಗರದ ಹತ್ತಿರದ ಜಾನಪದ ಲೋಕವನ್ನೂ ಬಿಡಬೇಡಿ. ಅದನ್ನು ಕಟ್ಟಿದ ಎಚ್.ಎಲ್. ನಾಗೇಗೌಡರು ನಮ್ಮ ನಾಗಮಂಗಲ ತಾಲ್ಲೂಕಿನವರು. ಅಧಿಕಾರಿಯಾಗಿ ಊರೂರು ತಿರುಗುತ್ತಿದ್ದವರು, ಹಾಡಿನ ಜೊತೆಗೆ ಮೊರ, ಕುಕ್ಕೆಗಳಿಗೂ ಮರ್ಯಾದೆ ಕೊಟ್ಟರು. ಮೇಲುಕೋಟೆಗೆ ಹೋದಾಗ ಪು.ತಿ.ನ. ಅವರ ಮನೆ ನೋಡಿ. ಶ್ರೀರಂಗಪಟ್ಟಣದಲ್ಲಿ 1784ರ ದರಿಯಾ ದೌಲತ್ ನೋಡುವಾಗ ಗೋಡೆಯ ಚಿತ್ರಗಳ ಜೊತೆಗೆ ಕಂಬಗಳ ನಡುವೆ ಇಳಿಬಿಟ್ಟಿರುವ ಪರದೆಗಳನ್ನೂ ಗಮನಿಸಿ. ಬಿಸಿಲು ಚಿತ್ರಗಳನ್ನು ತಿನ್ನದಿರಲಿ ಅಂತ ಮಾಡಿದ ಏರ್ಪಾಡು ಅದು. ಆ ಪಾಠ ನಮಗೂ ಮುಂದೆ ಬೇಕಾಗುತ್ತದೆ.

ಏನನ್ನೂ ಕದಲಿಸಬೇಡಿ, ಗುಡಿಸಲೂಬೇಡಿ

ಮನೆಗೆ ಕಾಲಿಟ್ಟ ಕೂಡಲೇ ಪೊರಕೆ ಹಿಡಿಯುವ ಆಸೆ ಆಗುತ್ತದೆ. ತಡೆದುಕೊಳ್ಳಿ. ಮೊದಲ ದಿನ ಬರೀ ಫೋಟೊ ಮತ್ತು ನಕ್ಷೆ. ಜಗಲಿಯಿಂದ ಹಿಡಿದು ಹೆಬ್ಬಾಗಿಲು, ತೊಟ್ಟಿ, ಸುತ್ತಲ ಕೈಸಾಲೆ, ನಡುಮನೆ, ದೇವರಮನೆ, ಅಡುಗೆಮನೆ, ಬಚ್ಚಲು, ಕೊಟ್ಟಿಗೆ, ಹಿತ್ತಿಲವರೆಗೆ ಒಂದು ಹಾಳೆಯಲ್ಲಿ ಒರಟಾಗಿ ಗೀಚಿಕೊಳ್ಳಿ. ಅಳತೆ ಹೆಜ್ಜೆ ಲೆಕ್ಕದಲ್ಲಿದ್ದರೂ ನಡೆಯುತ್ತದೆ. ಯಾವ ಸಾಮಾನು ಎಲ್ಲಿತ್ತು ಅನ್ನುವುದನ್ನು ನಕ್ಷೆಯ ಮೇಲೇ ಗುರುತು ಹಾಕಿ.

ಗೋಡೆಯ ಮಸಿ ತೊಳೆಯಬೇಡಿ. ಒಲೆ ಎಲ್ಲಿತ್ತು, ಹೊಗೆ ಯಾವ ಬೆಳಕಿಂಡಿಯಿಂದ ಹೋಗುತ್ತಿತ್ತು ಅನ್ನುವುದಕ್ಕೆ ಈಗ ಉಳಿದಿರುವ ಸಾಕ್ಷಿ ಅದೊಂದೇ. ತೊಲೆಗಳನ್ನು ತಲೆಯೆತ್ತಿ ನೋಡಿ. ನಮ್ಮ ನಡುಮನೆಯ ತೊಲೆಯಲ್ಲಿ ಕಬ್ಬಿಣದ ಎರಡು ಬಳೆಗಳಿದ್ದವು, ಒಳಮೈ ನುಣ್ಣಗೆ ಸವೆದಿತ್ತು. ತೊಟ್ಟಿಲು ಕಟ್ಟುತ್ತಿದ್ದ ಬಳೆಗಳು. ಅಜ್ಜಿಯ ಏಳು ಮಕ್ಕಳು, ಆಮೇಲೆ ಅವರ ಮಕ್ಕಳು, ಎಲ್ಲರೂ ತೂಗಿದ್ದು ಅಲ್ಲೇ. ಅಡುಗೆಮನೆಯ ತೊಲೆಯಲ್ಲಿ ನೆಲುವು ನೇತುಹಾಕುತ್ತಿದ್ದ ಕೊಕ್ಕೆ, ಗೋಡೆಯಲ್ಲಿ ದೀಪದ ಗೂಡು, ಹೊಸಿಲ ಬದಿಯಲ್ಲಿ ಕಂಬಳಿ ಸಿಕ್ಕಿಸುವ ಮರದ ಗೂಟ. ಸುಣ್ಣ ಬಳಿದರೆ ಇವೆಲ್ಲ ಮುಚ್ಚಿಹೋಗುತ್ತವೆ.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ಹಳೇ ಮನೆಯ ಅಂಗಳದಲ್ಲೋ ಮುಂದಿನ ಬೀದಿಯಲ್ಲೋ ರಾಗಿ ತುಂಬುತ್ತಿದ್ದ ಹಗೇವು ಇದ್ದರೆ, ಬಾಯಿ ತೆರೆದ ಕೂಡಲೇ ಯಾರೂ ಇಳಿಯಕೂಡದು. ವರ್ಷಗಟ್ಟಲೆ ಮುಚ್ಚಿದ ಗುಂಡಿಯಲ್ಲಿ ಕೆಟ್ಟ ಗಾಳಿ ತುಂಬಿಕೊಂಡಿರುತ್ತದೆ, ಉಸಿರು ಕಟ್ಟಿ ಜೀವವೇ ಹೋಗುತ್ತದೆ. ಹಿಂದಿನವರು ಬಾಯಿ ತೆಗೆದು ಗಾಳಿಗೆ ಬಿಟ್ಟು, ದೀಪ ಇಳಿಸಿ ಆರುತ್ತದೆಯೇ ಅಂತ ನೋಡಿಯೇ ಇಳಿಯುತ್ತಿದ್ದರು. ನಮಗೆ ಇಳಿಯುವ ಅಗತ್ಯವೇ ಇಲ್ಲ. ಮೇಲಿನಿಂದ ಟಾರ್ಚ್ ಬಿಟ್ಟು ಫೋಟೊ ತೆಗೆದು, ಬಾಯಿಗೆ ಗಟ್ಟಿ ಚಪ್ಪಡಿ ಹಾಕಿಸಿ. ಮಕ್ಕಳು ಓಡಾಡುವ ಜಾಗ ಅದು.

ಹಿರಿಯರನ್ನು ಕೂರಿಸಿ ಮಾತಾಡಿಸಿ

ಇದು ಇಡೀ ಕೆಲಸದ ಜೀವ. ಮೊದಮೊದಲು ನಾನು ಪ್ರಶ್ನೆಪಟ್ಟಿ ಹಿಡಿದು ಕೂತೆ. "ಆಗಿನ ಕಾಲದ ಜೀವನ ಹೇಗಿತ್ತು ದೊಡ್ಡವ್ವ?" ಅಂದರೆ, "ಏನಿರೋದು, ಗೇಯೋದು ಉಣ್ಣೋದು, ಅಷ್ಟೇಯ" ಅಂತ ಎಲೆ ಅಡಿಕೆಗೆ ಕೈ ಹಾಕುತ್ತಿದ್ದರು. ಹತ್ತು ನಿಮಿಷದ ರೆಕಾರ್ಡಿಂಗಿನಲ್ಲಿ ಬರೆದುಕೊಳ್ಳುವಂಥದ್ದು ಏನೂ ಇರುತ್ತಿರಲಿಲ್ಲ.

ಒಂದು ದಿನ ಬೀಸುವ ಕಲ್ಲನ್ನು ತೊಳೆದು, ಚೆನ್ನಾಗಿ ಕಾಣಲಿ ಅಂತ ಮೇಜಿನ ಮೇಲಿಟ್ಟಿದ್ದೆ. ದೊಡ್ಡವ್ವ ಬಾಗಿಲಲ್ಲಿ ನಿಂತವರೇ, "ಅದ್ಯಾಕ್ಲಾ ಅಲ್ಲಿಕ್ಕಿದ್ದೀಯೆ? ಮೇಲಿಕ್ಕುದ್ರೆ ಬೀಸೋರ್ಯಾರು? ನೆಲುಕ್ಕಿಕ್ಕು" ಅಂದರು. ಇಬ್ಬರು ಸೇರಿ ಇಳಿಸಿದೆವು. ದೊಡ್ಡವ್ವ ಗೋಡೆಗೆ ಒರಗಿ, ಒಂದು ಕಾಲು ಚಾಚಿ, ಇನ್ನೊಂದು ಮಡಿಚಿ ಕೂತರು. ಕೈ ತಾನಾಗಿ ಗೂಟದ ಮೇಲೆ ಹೋಯಿತು. ಕಲ್ಲು ಗರ್ ಅಂತ ಒಂದು ಸುತ್ತು ತಿರುಗಿತು. ಆಮೇಲೆ ಮುಕ್ಕಾಲು ಗಂಟೆ ಮಾತು ನಿಲ್ಲಲಿಲ್ಲ. ಕೋಳಿ ಕೂಗುವ ಮೊದಲೇ ಎದ್ದು ಬೀಸುತ್ತಿದ್ದದ್ದು, ಎದುರುಬದುರು ಕೂತು ಓರಗಿತ್ತಿಯರಿಬ್ಬರೂ ಒಂದೇ ಗೂಟ ಹಿಡಿಯುತ್ತಿದ್ದದ್ದು, ಮುನಿಸು ಬಂದ ದಿನ ಮಾತಿಲ್ಲದಿದ್ದರೂ ಗೂಟ ಮಾತ್ರ ಇಬ್ಬರೂ ಹಿಡಿಯಲೇಬೇಕಾಗಿದ್ದದ್ದು. ಕಲ್ಲು ಸವೆದಾಗ ಉಳಿಯಿಂದ ಮತ್ತೆ ಒರಟು ಮಾಡಿಕೊಡುವವರು ಬೀದಿಯಲ್ಲಿ ಕೂಗಿಕೊಂಡು ಬರುತ್ತಿದ್ದರಂತೆ. ಅವರಿಗೆ ಕೂಲಿ ಕೊಡುತ್ತಿದ್ದದ್ದು ಕಾಸಲ್ಲ, ರಾಗಿ. ಬೀಸುವ ಪದಗಳು ಬಂದದ್ದೂ ಆಗಲೇ. ಬರೀ ಬಾಯಲ್ಲಿ ಕೇಳಿದಾಗ "ಮರ್ತೋಗದೆ" ಅಂದಿದ್ದವರು, ಕೈ ತಿರುಗಿದ ಮೇಲೆ ಸಾಲಿನ ಮೇಲೆ ಸಾಲು ಹಾಡಿದರು.

ಅಲ್ಲಿಂದ ನನ್ನ ರೀತಿ ಬದಲಾಯಿತು. ಸಾಮಾನನ್ನು ಮೊದಲು ಅದರ ಜಾಗಕ್ಕೆ, ಮೈ ಬಾಗಿ ಬಳಸುತ್ತಿದ್ದ ಎತ್ತರಕ್ಕೆ ತಂದಿಡಿ. ಈಳಿಗೆಮಣೆಯಾದರೆ ನೆಲಕ್ಕೆ, ಕಡಗೋಲಾದರೆ ಕಂಬಕ್ಕೆ. ಆಮೇಲೆ ಕೇಳಿ. ಫೋನನ್ನು ಮುಖಕ್ಕೆ ಹಿಡಿಯದೆ ಕೈಗಳ ಕಡೆ ತಿರುಗಿಸಿ ಯಾವುದಕ್ಕಾದರೂ ಆನಿಸಿಡಿ. ಮಾತು ದಾಖಲು ಮಾಡುತ್ತಿದ್ದೇನೆ ಅಂತ ಮೊದಲೇ ಹೇಳಿ ಒಪ್ಪಿಗೆ ಪಡೆಯಿರಿ. ಇದು ಬೇಡ ಅಂದದ್ದನ್ನು ಅಳಿಸಿಬಿಡಿ.

ಕೇಳಬೇಕಾದ್ದು ಸಣ್ಣ ಸಣ್ಣ ವಿಷಯ. ಇದು ಯಾರ ತವರಿಂದ ಬಂದದ್ದು? ರಾತ್ರಿ ಎಲ್ಲಿ ಇಡುತ್ತಿದ್ದಿರಿ? ದಿನಕ್ಕೆ ಎಷ್ಟು ಸೇರು ರಾಗಿ ಬೀಸುತ್ತಿದ್ದಿರಿ? ಮುರಿದಾಗ ಯಾರು ಸರಿ ಮಾಡಿಕೊಡುತ್ತಿದ್ದರು? ಇದರ ಬದಲಿಗೆ ಏನು ಬಂತು, ಯಾವ ವರ್ಷ? ನಿಮ್ಮ ಮನೆಯಲ್ಲಿ ಇದಕ್ಕೆ ಏನು ಹೆಸರು? ಕೊನೆಯ ಪ್ರಶ್ನೆ ಮುಖ್ಯ. ಮಂಡ್ಯದವರು ಮುದ್ದೆಗೆ ಹಿಟ್ಟು ಅನ್ನುತ್ತಾರೆ, ಅದನ್ನು ತೊಳಸುವ ಕೋಲಿಗೆ ಮನೆಮನೆಗೂ ಬೇರೆ ಹೆಸರು ಸಿಗುತ್ತದೆ. ನೋಟ್‌ಬುಕ್ಕಿನಲ್ಲಿ ಅವರು ಹೇಳಿದ ಹೆಸರನ್ನೇ ಬರೆಯಿರಿ, ಪುಸ್ತಕದ ಹೆಸರಿಗೆ ತಿದ್ದಬೇಡಿ.

ಇಸವಿ ಕೇಳಿದರೆ ಯಾರಿಗೂ ನೆನಪಿರುವುದಿಲ್ಲ. "ನಾಲೆ ನೀರು ಬರೋಕ್ ಮುಂಚೆಯೋ ಆಮೇಲೋ?" ಅಂದರೆ ತಟ್ಟನೆ ಹೇಳುತ್ತಾರೆ. 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆ ಮುಗಿದದ್ದು 1930ರ ದಶಕದ ಆರಂಭದಲ್ಲಿ. ಆಗ ಇರ್ವಿನ್ ನಾಲೆ ಅನ್ನುತ್ತಿದ್ದದ್ದೇ ಈಗಿನ ವಿಶ್ವೇಶ್ವರಯ್ಯ ನಾಲೆ. ಮಂಡ್ಯದ ಸಕ್ಕರೆ ಕಂಪನಿ ಹುಟ್ಟಿದ್ದು 1933ರಲ್ಲಿ, ಶಿವಪುರದ ಧ್ವಜ ಸತ್ಯಾಗ್ರಹ ನಡೆದದ್ದು 1938ರಲ್ಲಿ, ಮಂಡ್ಯ ಜಿಲ್ಲೆಯಾದದ್ದು 1939ರಲ್ಲಿ. ಈಗಿರುವ ಹಿರಿಯರಿಗೆ ಇವು ತಮ್ಮ ಅವ್ವ ಅಪ್ಪ ಹೇಳುತ್ತಿದ್ದ ಮಾತುಗಳು. ಅದಕ್ಕೂ ಈಚಿನದಕ್ಕೆ ಆಣೆ ಹೋಗಿ ನಯಾಪೈಸೆ ಬಂದ 1957, ಅವರವರ ಮದುವೆ, ಊರಿಗೆ ಮಿಲ್ಲು ಬಂದ ವರ್ಷ, ಕರೆಂಟು ಬಂದ ವರ್ಷ ಇವನ್ನು ಗೂಟದಂತೆ ನೆಟ್ಟುಕೊಂಡರೆ ಉಳಿದದ್ದೆಲ್ಲ ಅದರ ಆಚೆ ಈಚೆ ಸಾಲಾಗಿ ನಿಲ್ಲುತ್ತದೆ. ಅಳತೆಗಳೂ ಹಾಗೆಯೇ: 4 ಚಟಾಕಿಗೆ 1 ಪಾವು, 4 ಪಾವಿಗೆ 1 ಸೇರು ಅನ್ನುವುದನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದಿಟ್ಟುಕೊಳ್ಳಿ. ಇಲ್ಲವಾದರೆ ಅವರು ಹೇಳುವ ಲೆಕ್ಕ ಕೈಗೆ ಸಿಗುವುದಿಲ್ಲ.

ಹೇಳಲು ಹಿಂಜರಿಯುವ ಸಂಗತಿಗಳೂ ಬರುತ್ತವೆ. ನಮ್ಮ ಮನೆಯ ಕೊಟ್ಟಿಗೆಯ ಸೂರಿನಲ್ಲಿ ಒಂದು ತೆಂಗಿನ ಚಿಪ್ಪು ಸಿಕ್ಕಿಸಿತ್ತು. ಗದ್ದೆ ಕೆಲಸಕ್ಕೆ ಬರುತ್ತಿದ್ದವರಿಗೆ ಕಾಫಿ ಹುಯ್ಯುತ್ತಿದ್ದದ್ದು ಅದಕ್ಕೆ, ಅದೂ ಮೇಲಿನಿಂದ. ಅವರು ಜಗಲಿಯ ಮೇಲೆ ಕೂರುವ ಹಾಗಿರಲಿಲ್ಲ. ಅದನ್ನು ಇಡುವುದು ಬೇಡ, ಮನೆ ಮರ್ಯಾದೆ ಅಂತ ಚಿಕ್ಕಪ್ಪ ಅಂದರು. ನಾನು ಒಪ್ಪಲಿಲ್ಲ. ಆ ಕೇರಿಯ ಒಬ್ಬ ಹಿರಿಯರ ಮನೆಗೇ ಹೋಗಿ ಕೂತು, ಅವರ ನೆನಪನ್ನು ಅವರ ಮಾತಿನಲ್ಲೇ ಬರೆದುಕೊಂಡು ಬಂದೆ. ಚಿಪ್ಪು ಈಗ ಬೆಳ್ಳಿ ಲೋಟದ ಪಕ್ಕದಲ್ಲೇ ಇದೆ, ಅವರ ಮಾತೂ ಇದೆ. ಮುಟ್ಟಾದವರು ಮೂರು ದಿನ ಕೂರುತ್ತಿದ್ದ ಮೂಲೆಯೂ ನಕ್ಷೆಯಲ್ಲಿದೆ. ಇವನ್ನು ಬಿಟ್ಟು ಹಂಡೆ ತಪ್ಪಲೆ ಮಾತ್ರ ಸಾಲಾಗಿಟ್ಟರೆ ಆ ಮನೆಯಲ್ಲಿ ಬದುಕಿದವರಿಗೆ ಸುಳ್ಳು ಹೇಳಿದಂತೆ.

ಪಾತ್ರೆಯ ಮೇಲಿನ ಹೆಸರು ಓದುವುದು

ನಮ್ಮ ಕಡೆ ಮದುವೆ, ಗೃಹಪ್ರವೇಶ, ಸೀಮಂತಕ್ಕೆ ಪಾತ್ರೆ ಕೊಟ್ಟರೆ ಅದರ ಕಂಠದ ಮೇಲೆ ಚುಕ್ಕಿ ಚುಕ್ಕಿಯಾಗಿ ಹೆಸರು ಹೊಡೆಸುವ ರೂಢಿ. ಕೊಟ್ಟವರು ಯಾರು, ಪಡೆದವರು ಯಾರು, ಯಾವ ಊರು, ಕೆಲವೊಮ್ಮೆ ತಾರೀಖು. ಮನೆಯ ನೆಂಟಸ್ತಿಕೆಯ ಇತಿಹಾಸ ಕಾಗದದಲ್ಲಿ ಇಲ್ಲದಿದ್ದರೂ ತಪ್ಪಲೆಗಳ ಮೇಲಿರುತ್ತದೆ.

ಇಲ್ಲಿ ನಾನು ಒಂದು ದೊಡ್ಡ ತಪ್ಪು ಮಾಡಿದೆ. ಮಸಿ ಹಿಡಿದ ಹಿತ್ತಾಳೆ ಕೊಡವನ್ನು ಹುಣಸೇಹಣ್ಣು ಹಚ್ಚಿ, ತೆಂಗಿನ ನಾರಿನಿಂದ ಗಸಗಸ ಉಜ್ಜಿದೆ. ಫಳಫಳ ಅಂದಿತು. ದೊಡ್ಡವ್ವ ಕೈಯಲ್ಲಿ ಹಿಡಿದು, ಕಂಠದ ಮೇಲೆ ಬೆರಳಾಡಿಸಿ, "ಹೆಸ್ರು ಇತ್ತಲ್ಲಪ್ಪ ಇಲ್ಲಿ" ಅಂದರು. ಮೊದಲೇ ಸವೆದಿದ್ದ ಚುಕ್ಕಿಗಳಲ್ಲಿ ಎರಡು ಅಕ್ಷರ ಮಾತ್ರ ಉಳಿದಿದ್ದವು. ಅದು ದೊಡ್ಡವ್ವನ ಅವ್ವ ಕೊಟ್ಟ ಕೊಡ. ಹುಳಿ ಹಿತ್ತಾಳೆಯ ಮೇಲ್ಪದರದ ಸತುವನ್ನು ಕರಗಿಸುತ್ತದೆ, ಅದಕ್ಕೇ ಪದೇ ಪದೇ ಹುಳಿಯಲ್ಲಿ ತೊಳೆದ ಪಾತ್ರೆ ಕೆಂಪಗೆ ತಿರುಗುತ್ತದೆ. ದಿನವೂ ಬಳಸುವ ಪಾತ್ರೆಗೆ ಅದು ಸರಿ. ಇಟ್ಟುಕೊಂಡು ನೋಡುವ ಪಾತ್ರೆಗೆ ಬೇಡ.

ನೀವು ಹೀಗೆ ಮಾಡಿ. ಮೆತ್ತನೆ ಬ್ರಷ್‌ನಿಂದ ಧೂಳು ತೆಗೆಯಿರಿ. ಬೇಕಾದರೆ ಒದ್ದೆ ಹತ್ತಿಬಟ್ಟೆಯಿಂದ ಒರೆಸಿ, ಕೂಡಲೇ ಒಣಬಟ್ಟೆಯಿಂದ ಒರೆಸಿ. ಆಮೇಲೆ ಕೋಣೆ ಕತ್ತಲು ಮಾಡಿ, ಟಾರ್ಚನ್ನು ಪಾತ್ರೆಯ ಮೈಗೆ ತಾಗುವಷ್ಟು ಓರೆಯಾಗಿ ಹಿಡಿಯಿರಿ. ನೇರ ಬೆಳಕಿನಲ್ಲಿ ಕಾಣದ ಚುಕ್ಕಿಗಳು ಓರೆ ಬೆಳಕಿನಲ್ಲಿ ನೆರಳು ಚೆಲ್ಲಿ ಎದ್ದು ಬರುತ್ತವೆ. ಟಾರ್ಚನ್ನು ಎಡದಿಂದ ಒಮ್ಮೆ, ಬಲದಿಂದ ಒಮ್ಮೆ, ಮೇಲಿನಿಂದ ಒಮ್ಮೆ ಹಿಡಿದು ಮೂರು ಫೋಟೊ ತೆಗೆಯಿರಿ. ಇನ್ನೂ ಓದಲಾಗದಿದ್ದರೆ ತೆಳು ಕಾಗದ ಸುತ್ತಿ ಪೆನ್ಸಿಲ್‌ನ ಮಗ್ಗುಲಿನಿಂದ ಮೆಲ್ಲಗೆ ತಿಕ್ಕಿ, ಚಿಕ್ಕಂದಿನಲ್ಲಿ ನಾಣ್ಯದ ಅಚ್ಚು ತೆಗೆಯುತ್ತಿದ್ದೆವಲ್ಲ, ಹಾಗೆ. ಒಳಗಿನ ಕಲಾಯಿ ಹೋಗಿದ್ದರೂ ಹೊಸದಾಗಿ ಹಾಕಿಸಬೇಡಿ. ನವಸಾಗರದ ಹೊಗೆ, ತವರದ ಹೊಳಪಿನ ಬಗ್ಗೆ ಮನೆಯವರ ನೆನಪನ್ನು ಬರೆದುಕೊಳ್ಳಿ.

ನಂಬರು ಮತ್ತು ಪಟ್ಟಿ

ಪ್ರತಿ ಸಾಮಾನಿಗೂ ಒಂದು ನಂಬರು: ಸೇರಿಸಿದ ವರ್ಷ, ಆಮೇಲೆ ಕ್ರಮಸಂಖ್ಯೆ. 2025-17 ಅಂದರೆ ಆ ವರ್ಷ ಬಂದ ಹದಿನೇಳನೆಯದು. ಒಮ್ಮೆ ಕೊಟ್ಟ ನಂಬರನ್ನು, ಸಾಮಾನು ಕಳೆದುಹೋದರೂ, ಇನ್ನೊಂದಕ್ಕೆ ಕೊಡಬೇಡಿ. ಸಾಮಾನಿನ ಮೈಮೇಲೆ ಪೆನ್ನಿನಿಂದ ಬರೆಯಬೇಡಿ, ಸ್ಟಿಕ್ಕರ್ ಅಂಟಿಸಬೇಡಿ. ಬಿಳಿ ಹತ್ತಿ ಲಾಡಿಯ ತುಂಡಿಗೆ ಪೆನ್ಸಿಲ್‌ನಲ್ಲಿ ನಂಬರು ಬರೆದು ದಾರದಿಂದ ಕಟ್ಟಿ. ನೋಟ್‌ಬುಕ್ಕಿನಲ್ಲಿ ನಂಬರು, ಮನೆಯವರು ಕರೆಯುವ ಹೆಸರು, ಏನಿಂದ ಮಾಡಿದ್ದು, ಅಳತೆ, ಮನೆಯಲ್ಲಿ ಎಲ್ಲಿತ್ತು, ಯಾರು ಕೊಟ್ಟರು, ಅದರ ಬಗ್ಗೆ ಯಾರು ಏನು ಹೇಳಿದರು, ರೆಕಾರ್ಡಿಂಗಿನ ಫೈಲ್ ಹೆಸರು. ಬೇರೆ ಮನೆಯವರು ಕೊಟ್ಟದ್ದಾದರೆ ದಾನವೋ, ನೋಡಲು ಕೊಟ್ಟು ಮುಂದೆ ವಾಪಸ್ ಬೇಕೋ ಅನ್ನುವುದನ್ನು ಅವತ್ತೇ ಬರೆದು ಸಹಿ ಹಾಕಿಸಿಕೊಳ್ಳಿ. ಅಣ್ಣತಮ್ಮಂದಿರ ನಡುವೆ ಕೂಡ. ಪಟ್ಟಿಯ ಒಂದು ಪ್ರತಿ ಬೇರೆ ಊರಿನ ನೆಂಟರ ಮನೆಯಲ್ಲಿರಲಿ.

ಹುಳ, ತೇವ, ಬೆಳಕು

ನಾಲೆ ಬಯಲಿನ ಊರುಗಳಲ್ಲಿ ಮೊದಲ ಶತ್ರು ಗೆದ್ದಲು. ಮರದ ಸಾಮಾನು ಯಾವುದೂ ನೇರವಾಗಿ ಮಣ್ಣಿನ ನೆಲ ಮುಟ್ಟಬಾರದು, ಗೋಡೆಗೂ ತಾಗಬಾರದು. ಅಡಿಗೆ ಕಲ್ಲು ಕೊಟ್ಟು ಒಂದು ಗೇಣು ಈಚೆಗಿಡಿ. ನೇಗಿಲು, ಮರಿಗೆ, ತೊಟ್ಟಿಲ ಅಡಿಯಲ್ಲಿ ಹಿಟ್ಟಿನಂಥ ಪುಡಿ ಉದುರಿದ್ದರೆ ಕುಟ್ಟೆ ಹಿಡಿದಿದೆ ಅಂತ ಅರ್ಥ. ಆ ಸಾಮಾನನ್ನು ಉಳಿದವುಗಳಿಂದ ದೂರ ಇಟ್ಟು, ಅಡಿಗೆ ಕಪ್ಪು ಕಾಗದ ಹಾಸಿ. ಪುಡಿ ಮತ್ತೆ ಬೀಳುತ್ತಿದ್ದರೆ ಹುಳ ಇನ್ನೂ ಇದೆ ಅಂತ, ಬೀಳದಿದ್ದರೆ ಹಳೆಯ ತೂತು.

ಸೀರೆ, ಕುಪ್ಪಸ, ಕಂಬಳಿ, ಕುಲಾವಿಗಳಿಗೆ ಹುಳ ಬಿದ್ದಿದ್ದರೆ ಮನೆಯ ಫ್ರೀಜರ್ ಸಾಕು. ಒಣಗಿದ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಮೈನಸ್ 18 ಡಿಗ್ರಿಯಲ್ಲಿ ಎರಡು ವಾರ ಇಡಿ. ಹೊರತೆಗೆದು, ಚೀಲದ ತಣುಪು ಪೂರ್ತಿ ಇಳಿದು ಹೊರಗಿನ ಹವೆಗೆ ಬಂದ ಮೇಲೆ ಬಿಚ್ಚಿ. ಬೇಗ ಬಿಚ್ಚಿದರೆ ಬಟ್ಟೆಯ ಮೇಲೆ ನೀರು ಕೂರುತ್ತದೆ. ಆಮೇಲೆ ನಾಲ್ಕೈದು ಸಲ ಬರೀ ನೀರಿನಲ್ಲಿ ಒಗೆದು ಒಣಗಿಸಿದ ಕೋರಾ ಬಟ್ಟೆಯಲ್ಲಿ ಸುತ್ತಿ. ಜರತಾರಿ ಸೀರೆಯನ್ನು ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಬಿಡಬೇಡಿ, ಮಡಿಕೆಯಲ್ಲೇ ಸೀಳುತ್ತದೆ. ಅಗಲದ ಕೊಳವೆಗೆ ಬಟ್ಟೆ ಸುತ್ತಿ ಅದರ ಮೇಲೆ ಸುರುಳಿ ಸುತ್ತಿಡಿ. ನುಸಿಗುಳಿಗೆ ಬಟ್ಟೆಗೆ ತಾಗಕೂಡದು.

ಕಾಗದ ಪತ್ರಗಳಿಗೆ ಸೆಲ್ಲೊಟೇಪ್ ಬೇಡ, ಕಂದು ಕಲೆ ಶಾಶ್ವತವಾಗಿ ನಿಲ್ಲುತ್ತದೆ. ಲ್ಯಾಮಿನೇಶನ್ ಅಂತೂ ಖಂಡಿತ ಬೇಡ. ಅದನ್ನು ಮತ್ತೆ ಬಿಡಿಸಲಾಗದು. ಗುಂಡುಸೂಜಿ, ಸ್ಟೇಪಲ್ ತೆಗೆದು ಬಿಡಿಬಿಡಿಯಾಗಿ ಫೈಲಿನಲ್ಲಿಡಿ. ಓಲೆಗರಿ ಕಟ್ಟು ಸಿಕ್ಕರೆ ನೀವೇ ಎಣ್ಣೆ ಸವರಲು ಹೋಗದೆ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿ ಕೇಳಿ. 1891ರಲ್ಲಿ ಹುಟ್ಟಿದ ಸಂಸ್ಥೆ ಅದು, ಕೌಟಿಲ್ಯನ ಅರ್ಥಶಾಸ್ತ್ರದ ಓಲೆಪ್ರತಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದದ್ದು ಅಲ್ಲಿಯೇ. ಪಟ್ಟದ ಗೊಂಬೆಗಳಿದ್ದರೆ ಒದ್ದೆ ಬಟ್ಟೆ ಮುಟ್ಟಿಸಬೇಡಿ, ಬಣ್ಣ ಎದ್ದು ಬರುತ್ತದೆ. ಒಣ ಬ್ರಷ್ ಮಾತ್ರ.

ಬಟ್ಟೆ, ಕಾಗದ, ಬಣ್ಣದ ಚಿತ್ರಗಳ ಮೇಲೆ ಬೀಳುವ ಬೆಳಕು 50 ಲಕ್ಸ್ ದಾಟಬಾರದು ಅನ್ನುವುದು ಮ್ಯೂಸಿಯಂಗಳ ರೂಢಿ. ಫೋನಿನ ಆ್ಯಪ್‌ನಲ್ಲೇ ಸುಮಾರಾಗಿ ಅಳೆಯಬಹುದು. ಕಿಟಕಿಗೆ ದಪ್ಪ ಖಾದಿ ಪರದೆ ಕಟ್ಟಿ, ಜನ ಬಂದಾಗ ಮಾತ್ರ ದೀಪ ಹಾಕಿ.

ಗೋಡೆ ಮಣ್ಣಿನದಾದರೆ ಸಿಮೆಂಟು ಬಳಿಸಬೇಡಿ. ಮಣ್ಣಿನ ಗೋಡೆ ಹೀರಿದ ತೇವವನ್ನು ಹೊರಗೆ ಬಿಡುತ್ತಲೇ ಇರಬೇಕು. ಸಿಮೆಂಟು ಅದನ್ನು ಒಳಗೇ ಹಿಡಿದಿಟ್ಟರೆ ಗೋಡೆ ಬುಡದಿಂದ ಕುಸಿಯುತ್ತದೆ. ಬಿರುಕಿಗೆ ಮಣ್ಣು, ಗಿಲಾವಿಗೆ ಸುಣ್ಣದ ಗಾರೆ, ಮೇಲೆ ಸುಣ್ಣ. ಸುಣ್ಣ ಅರೆದು ಕೆಲಸ ಮಾಡಬಲ್ಲ ಹಳೇ ಗಾರೆಯವರು ಸಿಕ್ಕರೆ ಅವರನ್ನೂ ರೆಕಾರ್ಡ್ ಮಾಡಿಕೊಳ್ಳಿ.

ಮನೆಯಿಂದ ಊರಿಗೆ

ಮನೆಯ ಮೈಯಲ್ಲೇ ಊರಿನ ಚರಿತ್ರೆ ಇರುತ್ತದೆ. ಮಂಗಳೂರು ಹೆಂಚಿನ ಹಿಂಬದಿ ನೋಡಿ, ಕಾರ್ಖಾನೆಯ ಹೆಸರು, ಊರು, ಕೆಲವದರಲ್ಲಿ ಇಸವಿ ಅಚ್ಚಾಗಿರುತ್ತದೆ. ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ್ದು 1865ರಲ್ಲಿ, ಅದಕ್ಕೆ ಮೊದಲಿನ ಸೂರು ನಾಡಹೆಂಚಿನದೋ ಹುಲ್ಲಿನದೋ ಆಗಿರಬೇಕು. ಹಳೇ ಕಪ್ಪು ಸ್ವಿಚ್ಚು, ಮರದ ಪಟ್ಟಿಯ ಮೇಲಿನ ವೈರು ಉಳಿದಿದ್ದರೆ ಕೀಳಬೇಡಿ, ಸಂಪರ್ಕ ಮಾತ್ರ ತಪ್ಪಿಸಿ. ನಮ್ಮ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಹುಟ್ಟಿದ ಕರೆಂಟು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿಗೆ, 1908ರಲ್ಲಿ ಮೈಸೂರಿಗೆ. ಪಕ್ಕದ ಹಳ್ಳಿಗಳು ಸೀಮೆಎಣ್ಣೆ ಬುಡ್ಡಿಯಲ್ಲೇ ಎಷ್ಟು ವರ್ಷ ಕಾದವು ಅನ್ನುವುದನ್ನು ನಿಮ್ಮ ಮನೆಯ ಮೊದಲ ಕರೆಂಟು ಬಿಲ್ಲು ಹೇಳುತ್ತದೆ.

ಪೆಟ್ಟಿಗೆಯಲ್ಲಿ ಕಂದಾಯದ ರಸೀದಿ, ಲಗ್ನಪತ್ರಿಕೆ, ಆಲೆಮನೆ ಲೆಕ್ಕ, ಪಡಿತರ ಚೀಟಿ, ರೇಡಿಯೊ ಲೈಸೆನ್ಸ್ ಪುಸ್ತಕ ಸಿಗಬಹುದು. ಅಂಚೆ ಕಚೇರಿಗೆ ಹೋಗಿ ವರ್ಷ ವರ್ಷ ದುಡ್ಡು ಕಟ್ಟಿ ರೇಡಿಯೊ ಕೇಳುತ್ತಿದ್ದ ಕಾಲ ಇತ್ತು ಅಂದರೆ ಮಕ್ಕಳು ಕಣ್ಣರಳಿಸುತ್ತಾರೆ. ಮೈಸೂರಿನ ಆಕಾಶವಾಣಿಯೂ ಶುರುವಾದದ್ದು ಒಂದು ಮನೆಯಲ್ಲೇ. 1935ರಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು ಒಂಟಿಕೊಪ್ಪಲಿನ ತಮ್ಮ ವಿಠ್ಠಲ ವಿಹಾರದಿಂದ ಪ್ರಸಾರ ಆರಂಭಿಸಿದರು.

ಕಾನೂನಿನ ಮಾತು

1972ರ ಪ್ರಾಚೀನ ವಸ್ತುಗಳ ಕಾಯ್ದೆಯ ಪ್ರಕಾರ 100 ವರ್ಷ ದಾಟಿದ ವಸ್ತು, 75 ವರ್ಷ ದಾಟಿದ ಹಸ್ತಪ್ರತಿ ಪ್ರಾಚೀನ ವಸ್ತುಗಳ ಲೆಕ್ಕಕ್ಕೆ ಬರಬಹುದು. ಅಂಥದ್ದನ್ನು ಖಾಸಗಿಯವರು ದೇಶದಾಚೆ ಕಳಿಸುವಂತಿಲ್ಲ. ಕಲ್ಲಿನ ಹಾಗೂ ಲೋಹದ ವಿಗ್ರಹ, ಹಳೇ ಚಿತ್ರಪಟಗಳಂಥ ಕೆಲವು ಬಗೆಯವನ್ನು ನೋಂದಾಯಿಸಬೇಕು, ಪುರಾತತ್ವ ಇಲಾಖೆಯಲ್ಲಿ ವಿಚಾರಿಸಿ. ಗೋಡೆಗೆ ಜಿಂಕೆ ಕೊಂಬು, ಹುಲಿ ಚರ್ಮ, ದಂತದ ಸಾಮಾನು ಇದ್ದರೆ ಅರಣ್ಯ ಇಲಾಖೆಯ ಕಾಗದ ಬೇಕು. ನಾಡಬಂದೂಕಿಗೆ ಲೈಸೆನ್ಸ್ ಬೇಕು. ನೆಲ ಅಗೆಯುವಾಗ ನಾಣ್ಯ, ಒಡವೆ ಸಿಕ್ಕರೆ ಜಿಲ್ಲಾಡಳಿತಕ್ಕೆ ತಿಳಿಸಲೇಬೇಕು. ಇವನ್ನು ಜನ ನೋಡುವ ಕೋಣೆಯಲ್ಲಿಡುವ ಮೊದಲೇ ಸರಿಮಾಡಿಕೊಳ್ಳಿ.

ಜೋಡಿಸುವುದು, ಚೀಟಿ ಬರೆಯುವುದು

ಸಿಕ್ಕಿದ್ದೆಲ್ಲ ಇಡಬೇಡಿ. ಹತ್ತು ಒನಕೆ ಇದ್ದರೆ ಒಂದಿಡಿ, ಮಧ್ಯ ಹೆಚ್ಚು ಸವೆದದ್ದನ್ನು. ಒಂದು ದಿನದ ಕ್ರಮದಲ್ಲಿ ಜೋಡಿಸಿದರೆ ನೋಡುವವರಿಗೆ ದಾರಿ ಸಿಗುತ್ತದೆ. ಬಾಗಿಲ ಎಡಕ್ಕೆ ನಸುಕು: ಬೀಸುವ ಕಲ್ಲು, ಕಡಗೋಲು, ಸಗಣಿ ಕುಕ್ಕೆ. ಆಮೇಲೆ ಹೊಲಗದ್ದೆ, ಮಧ್ಯಾಹ್ನದ ಊಟ, ಸಂಜೆಯ ದೀಪ, ಅಳಗುಳಿಮಣೆ, ಕೊನೆಗೆ ಚಾಪೆ, ಕಂಬಳಿ, ತೊಟ್ಟಿಲು. ಕಲ್ಲು ಕಬ್ಬಿಣದ ಸಾಮಾನುಗಳನ್ನು ಮಕ್ಕಳು ಮುಟ್ಟಲಿ. ಮುಟ್ಟಬಾರದ್ದನ್ನು ಮಾತ್ರ ಗಾಜಿನೊಳಗಿಡಿ.

ಚೀಟಿಯಲ್ಲಿ "ಕಡಗೋಲು. ಮರ. ಮಜ್ಜಿಗೆ ಕಡೆಯಲು ಬಳಸುತ್ತಿದ್ದರು" ಅಂತ ಬರೆದರೆ ಅದು ಯಾವ ಮನೆಯ ಕಡಗೋಲಾದರೂ ಆದೀತು. ನಮ್ಮ ಚೀಟಿ ಹೀಗಿದೆ: "ಕಡಗೋಲು. ಹಗ್ಗ ತೇಯ್ದು ಮಧ್ಯದಲ್ಲಿ ಬೆರಳಗಲ ಕಚ್ಚು ಬಿದ್ದಿದೆ. ಅಜ್ಜಿ ಬೆಣ್ಣೆ ತೆಗೆದು ಶುಕ್ರವಾರ ಸಂತೆಗೆ ಕಳಿಸುತ್ತಿದ್ದರು. ಆ ದುಡ್ಡಿನ ಲೆಕ್ಕ ತಾತನಿಗೆ ಹೇಳುತ್ತಿರಲಿಲ್ಲ. ದೊಡ್ಡತ್ತೆಯ ಶಾಲೆಯ ಫೀಸು ಹೋದದ್ದು ಅದರಿಂದ." ಮೂರು ನಾಲ್ಕು ಸಾಲು ಸಾಕು. ಅಕ್ಷರ ದಪ್ಪಗಿರಲಿ, ನೋಡಲು ಬರುವವರಲ್ಲಿ ಅರ್ಧ ಜನ ವಯಸ್ಸಾದವರು. ಯಾರು ಹೇಳಿದ ಮಾತು ಅನ್ನುವುದು ಕೊನೆಯಲ್ಲಿರಲಿ, ಹೆಸರು ಹಾಕುವುದು ಬೇಡ ಅಂದರೆ ಸಂಬಂಧ ಮಾತ್ರ.

ತೆರೆದ ಮೇಲೆ

ತಿಂಗಳಿಗೆ ಒಂದು ಭಾನುವಾರ ತೆರೆದರೂ ಸಾಕು. ಮೊದಲ ದಿನ ಊರಿನ ಹಿರಿಯ ಹೆಂಗಸರನ್ನು ಕರೆಯಿರಿ, ಮಕ್ಕಳನ್ನು ಆಮೇಲೆ. ಹಿರಿಯರ ಬಾಯಲ್ಲಿ ಬರುವ ತಿದ್ದುಪಡಿಗಳು ಆ ದಿನ ಬೇಕು. ಬಾಗಿಲ ಬಳಿ ಒಂದು ಖಾಲಿ ಪುಸ್ತಕ, ಒಂದು ಫೋನ್ ಇಟ್ಟುಕೊಂಡು ಯಾರಾದರೂ ಕೂತಿರಿ. ವರ್ಷಕ್ಕೊಮ್ಮೆ, ಮುಂಗಾರಿಗೆ ಮೊದಲು, ಹೆಂಚು ಕೈಯಾಡಿಸಿ, ಪಟ್ಟಿ ಹಿಡಿದು ಒಂದೊಂದೇ ಸಾಮಾನು ಎಣಿಸಿ, ಬಟ್ಟೆಗಳನ್ನು ಬಿಡಿಸಿ ನೆರಳಿನಲ್ಲಿ ಗಾಳಿಗೆ ಹಾಕಿ.

ಚೀಟಿಗಳನ್ನು ಅಚ್ಚು ಹಾಕಿಸುವ ಅವಸರ ಬೇಡ, ಮೊದಲ ವರ್ಷ ಪೆನ್ಸಿಲ್‌ನಲ್ಲೇ ಇರಲಿ. ನಮ್ಮಲ್ಲಿ ಗುಡಾಣದ ಚೀಟಿಯಲ್ಲಿ "ರಾಗಿ ತುಂಬುತ್ತಿದ್ದದ್ದು" ಅಂತಿತ್ತು. ಕಳೆದ ತಿಂಗಳು ಪಕ್ಕದ ಬೀದಿಯ ಅಜ್ಜಿಯೊಬ್ಬರು ಬಂದು ಅದರ ಬಾಯಿಗೆ ಕೈ ಹಾಕಿ, ಒಳಮೈ ಸವರಿ, ಬೆರಳು ಮೂಸಿ ನೋಡಿ, "ರಾಗೀದಲ್ಲ ಕಣವ್ವ ಇದು, ಅವರೆಕಾಳಿಂದು. ಬೂದಿ ಕಲ್ಸಿ ಇಕ್ತಿದ್ದೋ, ನೋಡು, ಇನ್ನೂ ಅದೆ" ಅಂತ ನಮ್ಮ ದೊಡ್ಡವ್ವನ ಕಡೆ ತಿರುಗಿದರು. ದೊಡ್ಡವ್ವ ಒಂದು ಗಳಿಗೆ ಯೋಚಿಸಿ ಹೂಂ ಅಂದರು. ಚೀಟಿ ಅಳಿಸಿ ಬರೆದೆವು. ಬೆರಳಿಗೆ ಹತ್ತಿದ ಆ ಬೂದಿಯನ್ನು ಚಿಟಿಕೆಯಷ್ಟು ಕಾಗದದಲ್ಲಿ ಕಟ್ಟಿ, ಗುಡಾಣದ ನಂಬರನ್ನೇ ಹಾಕಿ ಎತ್ತಿಟ್ಟಿದ್ದೇವೆ.